ಅರಣ್ಯ ಸಚಿವರಿಗೆ: ಅಂದು ಅವರು ಗೈರುಹಾಜರಾಗಿರಲಿಲ್ಲ

ಮಾನ್ಯ ಅರಣ್ಯ ಸಚಿವರಿಗೆ,



ಸೆಪ್ಟೆಂಬರ್ 11 ಹತ್ತಿರ ಬರುತ್ತಿದೆ, ಅರಣ್ಯ ಹುತಾತ್ಮರ ದಿನ. ಎಂದಿನಂತೆ ನೀವು ಸ್ಮಾರಕಕ್ಕೆ ಹೂಗುಚ್ಛ ಇಡುತ್ತೀರಿ, ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಎರಡು ನಿಮಿಷ ಮೌನ, ಆಮೇಲೆ ಭಾಷಣ. ಸಮವಸ್ತ್ರದಲ್ಲಿದ್ದಷ್ಟು ಕಾಲ ನಾನೂ ಆ ಸಾಲಿನಲ್ಲಿ ನಿಂತವನೇ. ಭಾಷಣದಲ್ಲಿ ಖೇಜಡ್ಲಿಯ ಕಥೆ ತಪ್ಪದೆ ಬರುತ್ತದೆ. 1730ರಲ್ಲಿ ಜೋಧಪುರದ ಅರಸನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿ ಮೊದಲ್ಗೊಂಡು 363 ಬಿಷ್ಣೋಯಿಗಳು ಮರ ತಬ್ಬಿಕೊಂಡೇ ಪ್ರಾಣ ಬಿಟ್ಟ ಕಥೆ. ಆ ಖೇಜಡಿ ಮರ ಬೇರೆ ಯಾವುದೂ ಅಲ್ಲ, ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ.

ಆ ಕಥೆ ಕೇಳುವಾಗಲೆಲ್ಲ ನನಗೆ ತೋಚುವುದು ಒಂದೇ. ಆ 363 ಜನರಲ್ಲಿ ಒಬ್ಬರೂ ಅರಣ್ಯ ಇಲಾಖೆಯ ನೌಕರರಲ್ಲ. ಇಲಾಖೆ ಎನ್ನುವುದೇ ಆಗ ಇರಲಿಲ್ಲ. ಯಾವ ಹಾಜರಿ ಪುಸ್ತಕದಲ್ಲೂ ಅವರ ಹೆಸರಿಲ್ಲ, ಯಾರೂ ಅವರಿಗೆ ಮರ ಕಾಯುವ ಆದೇಶ ಕೊಟ್ಟಿರಲಿಲ್ಲ. ಆದರೂ 2013ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಹುತಾತ್ಮರಿಗೆಂದು ಒಂದು ದಿನ ಗೊತ್ತುಮಾಡುವಾಗ ಅವರನ್ನೇ ನೆನೆದು ಈ ತಾರೀಖನ್ನು ಆರಿಸಿಕೊಂಡಿತು. ಹೀಗಿರುವಾಗ, ಹಾಜರಿ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಒಬ್ಬ ಹಿರಿಯರನ್ನು ಹುತಾತ್ಮರ ಸಾಲಿನಿಂದ ಹೊರಗಿಟ್ಟಿರುವುದು ಸರಿಯೇ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಅವರು ವಾಚರ್ ಆಗಿದ್ದರು. ಚಾಮರಾಜನಗರ ಜಿಲ್ಲೆಯ ಕಾಡಿನಲ್ಲಿ ದಿನಗೂಲಿಯಾಗಿ ಸೇರಿ, ಆಯುಷ್ಯದ ಬಹುಪಾಲು ದಿನಗೂಲಿಯಾಗಿಯೇ ಕಳೆದು, ಕೊನೆಗೆ ಹೊರಗುತ್ತಿಗೆಯ ಪಟ್ಟಿಯಲ್ಲಿದ್ದಾಗ ಆನೆಗೆ ಸಿಕ್ಕಿ ಹೋದ ಸೋಲಿಗರ ಹಿರಿಯರು. ನನಗೆ ಕಾಡು ಕಲಿಸಿದವರು. ನನ್ನೊಬ್ಬನಿಗೇ ಅಲ್ಲ, ಆ ವಲಯಕ್ಕೆ ಬಂದುಹೋದ ಗಾರ್ಡುಗಳು, ಫಾರೆಸ್ಟರುಗಳು, ಪ್ರೊಬೇಷನರಿಯಾಗಿ ಬಂದು ಈಗ ದೊಡ್ಡ ಕುರ್ಚಿಯಲ್ಲಿ ಕೂತಿರುವ ಅಧಿಕಾರಿಗಳು, ಇವರಲ್ಲಿ ಬಹಳ ಮಂದಿ ಅವರ ಹಿಂದೆ ನಡೆದೇ ಕಾಡು ಕಲಿತವರು. ಹೆಸರು ಬರೆಯುತ್ತಿಲ್ಲ. ಪೇಪರಿನಲ್ಲಿ ಹೆಸರು ಬಂದರೆ ಎಲ್ಲಿ ಮೊಮ್ಮಗನ ಕೆಲಸಕ್ಕೆ ಕುತ್ತು ಬಂದೀತೋ ಎಂಬ ಅಂಜಿಕೆ ಮನೆಯವರಿಗೆ. ಆ ಹುಡುಗನೂ ಈಗ ಅದೇ ಹೊರಗುತ್ತಿಗೆಯಲ್ಲಿದ್ದಾನೆ. ಕ್ಯಾಂಪಿನಲ್ಲಿ ನಾವೆಲ್ಲ ಅವರನ್ನು ತಾತ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಎನ್ನುತ್ತೇನೆ.

ನಾನು ಗದಗ ಕಡೆಯವನು. ಎರೆಹೊಲ, ಜೋಳ, ಕಡಲೆ, ಕಣ್ಣು ಹಾಯುವಷ್ಟೂ ಬಯಲು. ನಿಮ್ಮ ಇಲಾಖೆಯ ಯಾವ ಕ್ಯಾಂಪಿಗೆ ಹೋದರೂ ಗೊತ್ತಾಗುತ್ತದೆ, ದಕ್ಷಿಣದ ಆನೆಕಾಡುಗಳಲ್ಲಿ ಗಾರ್ಡಾಗಿ ನಿಂತವರಲ್ಲಿ ಎಷ್ಟೋ ಹುಡುಗರು ವಿಜಯಪುರ, ಬಾಗಲಕೋಟೆ, ರಾಯಚೂರು, ಬೆಳಗಾವಿ ಕಡೆಯವರು. ಕೆಲಸಕ್ಕೆ ಸೇರುವ ಮುಂಚೆ ಆನೆಯನ್ನು ಮಠದ ಜಾತ್ರೆಯಲ್ಲಿ ಕಂಡವರು. ಧಾರವಾಡದ ಗುಂಗರಗಟ್ಟಿಯಲ್ಲಿ ನಮಗೆ ತರಬೇತಿಯಾಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, ಸರ್ವೆ, ನರ್ಸರಿ, ಮಹಜರು ಎಲ್ಲ ಅಲ್ಲಿ ಕಲಿತದ್ದೇ. ಮಹಜರು ಬರೆಯುವುದನ್ನು ಅಲ್ಲಿ ಕಲಿಸಿದಷ್ಟು ಅಚ್ಚುಕಟ್ಟಾಗಿ ಬೇರೆಲ್ಲೂ ಕಲಿಸಲಾರರು, ಅದನ್ನು ಇಂದಿಗೂ ಹೇಳುತ್ತೇನೆ. ಆದರೆ ಅಷ್ಟು ದೊಡ್ಡ ಪ್ರಾಣಿ ಎಷ್ಟು ಸಣ್ಣ ಮರೆಯಲ್ಲಿ ಉಸಿರೂ ಕೇಳದ ಹಾಗೆ ನಿಲ್ಲಬಲ್ಲದು ಎಂಬುದು ಬೆಂಚಿನ ಮೇಲೆ ಕೂತು ತಿಳಿಯುವ ವಿಷಯವಲ್ಲ.

ಆ ವಲಯದಲ್ಲಿ ಮೊದಲ ಸಲ ಗಸ್ತಿಗೆ ಹೊರಟಾಗ ತಾತ ಮುಂದೆ, ನಾನು ಹಿಂದೆ. ಅವರ ಸೊಂಟದಲ್ಲಿ ಸಣ್ಣದೊಂದು ಬಟ್ಟೆಚೀಲ, ಅದರಲ್ಲಿ ಒಲೆಯ ಬೂದಿ. ನಾಲ್ಕು ಹೆಜ್ಜೆಗೊಮ್ಮೆ ಆ ಚೀಲವನ್ನು ಬೆರಳಲ್ಲಿ ತಟ್ಟುವರು. ಬೂದಿ ಯಾವ ಕಡೆ ಹಾರಿತು ಎಂದು ನೋಡಿ ದಾರಿ ಬದಲಿಸುವರು. ನನಗೆ ಅದೇನೋ ಪೂಜೆಯೋ ಹರಕೆಯೋ ಇರಬೇಕು ಅನ್ನಿಸಿತ್ತು. ಬಿದಿರು ಮೆಳೆಯ ಹತ್ತಿರ ಲಟಲಟ ಮುರಿಯುವ ಸದ್ದು ಬಂತು. ನಾನು ನಿಂತೆ, ಅವರು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಆಗ ಅವರು ನಿಂತರು. ಸದ್ದು ಮಾಡುತ್ತಿದೆ ಎಂದರೆ ಮೇಯುತ್ತಿದೆ, ಅದರ ಪಾಡಿಗೆ ಅದು ಇದೆ. ಸದ್ದು ನಿಂತರೆ ನಮ್ಮನ್ನು ತಿಳಿದುಕೊಂಡಿದೆ ಎಂದು ಅರ್ಥ. ಇದನ್ನು ಆಮೇಲೆ ವಿವರಿಸಿದರು. ಆ ಗಳಿಗೆಯಲ್ಲಿ ಮಾತ್ರ ನನ್ನ ಮಣಿಕಟ್ಟು ಹಿಡಿದು ಒಂದು ಹೊನ್ನೆ ಮರದ ಹಿಂದಕ್ಕೆ ಎಳೆದುಕೊಂಡರು. ಮೆಳೆ ಸೀಳಿಕೊಂಡು ಸಲಗ ಬಂತು. ಕಿವಿ ಅಗಲಿಸಿ, ಘೀಳಿಟ್ಟು, ಮಣ್ಣು ಎರಚಿ, ನಮ್ಮ ಮುಂದೆಯೇ ಗಕ್ಕನೆ ನಿಂತು, ತಲೆ ಕೊಡವಿ ಹಿಂದಿರುಗಿ ಹೋಯಿತು.

ನನ್ನ ಪ್ಯಾಂಟು ಒದ್ದೆಯಾಗಿತ್ತು. ಅದನ್ನು ಬರೆಯಲು ಈಗ ನಾಚಿಕೆಯೇನಿಲ್ಲ, ಈ ವಯಸ್ಸಿಗೆ. ತಾತ ಆ ಕಡೆ ನೋಡಲೇ ಇಲ್ಲ. ಕ್ಯಾಂಪಿಗೆ ಹೋಗಲು ಒಣಗಿದ ನೇರ ದಾರಿ ಇತ್ತು. ಅದನ್ನು ಬಿಟ್ಟು ಹಳ್ಳಕ್ಕೆ ಇಳಿಸಿದರು. ಸೊಂಟದವರೆಗೆ ನೀರು, ಇಬ್ಬರೂ ತೊಯ್ದು ತೊಪ್ಪೆಯಾಗಿ ಆ ದಡ ಹತ್ತಿದೆವು. ಕ್ಯಾಂಪಿನಲ್ಲಿ ಉಳಿದವರು ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಆನೆ ನೋಡಿ ನನಗೇ ಗಾಬರಿಯಾಯ್ತು ಕಣ್ರಪ್ಪ, ದಾರಿ ತಪ್ಪಿದೆ, ಬುದ್ಧಿಯೋರು ಪಾಪ ನನ್ನ ಹಿಂದೆ ಬಂದು ನೆಂದರು ಎಂದು ಬಿಟ್ಟರು. ಕಾಡಿನಲ್ಲೇ ಹುಟ್ಟಿ ಬೆಳೆದ ಮನುಷ್ಯ ದಾರಿ ತಪ್ಪುವುದೆಂದರೇನು? ಎಲ್ಲರಿಗೂ ಅರ್ಥವಾಗಿತ್ತು. ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿದ್ದ ಎಲ್ಲರನ್ನೂ ಅವರು ಒಂದಲ್ಲ ಒಂದು ದಿನ ಅದೇ ಹಳ್ಳ ದಾಟಿಸಿದ್ದರು.

ಬುದ್ಧಿ ಎಂದೇ ಅವರು ನನ್ನನ್ನು ಕರೆಯುತ್ತಿದ್ದದ್ದು. ನಮ್ಮಪ್ಪನಿಗಿಂತ ಹಿರಿಯರು, ಬೇಡ ಎಂದರೂ ಬಿಡಲಿಲ್ಲ. ಆ ಮರ್ಯಾದೆಯ ಮಾತಿನ ಮರೆಯಲ್ಲೇ ಪಾಠ ನಡೆಯುತ್ತಿತ್ತು. ತಪ್ಪು ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಸ ಗಾರ್ಡೊಬ್ಬ ಹೆಜ್ಜೆ ನೋಡಿ ಚಿರತೆ ಎಂದು ಜೋರಾಗಿ ಹೇಳಿ ಪುಸ್ತಕದಲ್ಲಿ ಬರೆಯಲು ಹೊರಟರೆ ತಾತ ಕುಕ್ಕರಗಾಲಲ್ಲಿ ಕೂತು, ತಮಗೇ ಗೊತ್ತಿಲ್ಲ ಎನ್ನುವ ಹಾಗೆ, "ಚಿರತೆ ಉಗುರು ಈಚೆಗೆ ಬಿಟ್ಕಂಡು ನಡೀತದಾ ಬುದ್ಧಿ?" ಎನ್ನುವರು. ಹುಡುಗ ಬಗ್ಗಿ ನೋಡಿ, ಉಗುರಿನ ಗುರುತು ಕಂಡು, ಸೀಳುನಾಯಿ ಎಂದು ತಾನೇ ತಿದ್ದಿಕೊಳ್ಳುವನು. ಹಾಗೆ ತಿದ್ದಿಕೊಂಡದ್ದು ಮರೆಯುವುದಿಲ್ಲ. ಆನೆಯ ವಿಷಯವನ್ನು ಮಾತ್ರ ಸುತ್ತಿ ಬಳಸಿ ಹೇಳುತ್ತಿರಲಿಲ್ಲ. ಕಿವಿ ಅಗಲಿಸಿ ಗದ್ದಲ ಮಾಡಿಕೊಂಡು ಬರುವುದು ಬಹಳ ಸಲ ಹೆದರಿಸಲಿಕ್ಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಗೆ ಸುತ್ತಿ, ಸದ್ದಿಲ್ಲದೆ ಬರುವುದು ಕೊಲ್ಲಲಿಕ್ಕೆ. ಕಪೋಲದಲ್ಲಿ ಮದ ಸೋರುತ್ತಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಮರಿಯಾನೆ ಕಂಡರೆ ತಾಯಿ ಎಲ್ಲಿದೆ ಎಂದು ಮೊದಲು ನೋಡು. ಎರಡರ ನಡುವೆ ಯಾವ ಕಾರಣಕ್ಕೂ ನಿಲ್ಲಬೇಡ. ಓಡಬೇಡ. ಓಡಲೇಬೇಕಾಗಿ ಬಂದರೆ ಮೈಮೇಲಿನ ಬಟ್ಟೆ ಒಂದನ್ನು ದಾರಿಯಲ್ಲಿ ಬಿಸಾಡು, ಅದನ್ನು ತುಳಿಯುತ್ತ ಅದು ಒಂದು ಗಳಿಗೆ ನಿಂತೀತು. ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು ಎಂದು 2023ರ ಗಣತಿಯಾದ ಮೇಲೆ ನಾವೆಲ್ಲ ಎದೆಯುಬ್ಬಿಸಿದ್ದೆವು. ಅವುಗಳ ನಡುವೆ ದಿನಬೆಳಗಾದರೆ ಕಾಲ್ನಡಿಗೆಯಲ್ಲಿ ಓಡಾಡುವವರ ಜೀವ ಉಳಿದಿರುವುದು ಬಹುಮಟ್ಟಿಗೆ ಇಂಥ ಪಾಠದಿಂದ. ಈ ಪಾಠ ನಿಮ್ಮ ಯಾವ ಸುತ್ತೋಲೆಯಲ್ಲೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ನನಗೂ ಕೊನೆವರೆಗೆ ವಾದ ಇತ್ತು. ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. ಬೇಸಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ, ಉದುರಿದ ಎಲೆಗೆ ಹಿರಿಯರು ಸಣ್ಣಗೆ ಬೆಂಕಿ ಹಾಕುತ್ತಾ ಹೋಗುತ್ತಿದ್ದರಂತೆ. ಮೊಣಕಾಲೆತ್ತರಕ್ಕೂ ಏಳದೆ ಅದು ತರಗನ್ನು ತಿಂದು ಆರಿಹೋಗುವುದು. ಹುಲ್ಲು ಚಿಗುರುವುದು, ಉಣ್ಣೆ ಸಾಯುವುದು, ಪೊದೆ ಹತೋಟಿಯಲ್ಲಿರುವುದು. ನಾವು ಬಂದು ಬೆಂಕಿ ನಿಷೇಧಿಸಿದ ಮೇಲೆ ಲಂಟಾನ ಏರಿತು, ಒಣಗಿದ ಕಸ ವರ್ಷ ವರ್ಷ ಕೂಡಿ ಬಿತ್ತು, ಈಗ ಮಾರ್ಚಿನಲ್ಲಿ ಕಿಡಿ ಬಿದ್ದರೆ ಮರದ ನೆತ್ತಿಗೇ ಹತ್ತುತ್ತದೆ ಎಂಬುದು ಅವರ ವಾದ. ನಾನು ಕಾಯ್ದೆಯ ಕಲಂ ಹೇಳುತ್ತಿದ್ದೆ. ಅವರು ನಕ್ಕು ಬೆಂಕಿರೇಖೆ ಕೆತ್ತಲು ಕತ್ತಿ ತೆಗೆದುಕೊಂಡು ಮುಂದೆ ನಡೆಯುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧನೆ ಮಾಡಿದವರು ಸೋಲಿಗರ ಈ ಮಾತನ್ನು ದಾಖಲಿಸಿ ಲೇಖನ ಬರೆದಿದ್ದಾರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ತಾತನಿಗೆ ಹೇಳಿದೆ. ಇಂಗ್ಲಿಷಿನಲ್ಲಿ ಬಂದಿದ್ದರೆ ದಿಟವೇ ಇರಬೇಕು ಎಂದರು. ಅದು ಕುಹಕವೋ ಮುಗ್ಧತೆಯೋ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕುಹಕವೇ ಇರಬೇಕು.

ಮಾನ್ಯರೇ, ಸೋಲಿಗರು ಕಾಡಿನಿಂದ ಹೊರಗೆ ಬಂದ ಜನ ಎಂಬುದೂ ನಿಮಗೆ ಗೊತ್ತಿರಲಿ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದಾಗ ಒಳಗಿನ ಪೋಡುಗಳಿಂದ, ಎಂದರೆ ಸೋಲಿಗರ ಹಾಡಿಗಳಿಂದ, ಎಬ್ಬಿಸಿ ರಸ್ತೆ ಬದಿಗೆ ತಂದ ಮನೆಗಳಲ್ಲಿ ತಾತನ ಮನೆಯೂ ಒಂದು. ಯಾವ ಇಲಾಖೆ ಎಬ್ಬಿಸಿತೋ ಅದೇ ಇಲಾಖೆಗೆ, ಬೇರೊಂದು ವಿಭಾಗದಲ್ಲಿ, ಅವರು ಕಾವಲಿಗೆ ಸೇರಿದರು. ಅದರ ಬಗ್ಗೆ ಕಹಿ ಮಾತಾಡಿದ್ದನ್ನು ನಾನು ಕಂಡಿಲ್ಲ. 2011ರಲ್ಲಿ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತೆಂದು ಹೇಳಿದಾಗಲೂ ತಲೆಯಾಡಿಸಿ, ರೊಟ್ಟಿಹಬ್ಬಕ್ಕೆ ಎರಡು ದಿನ ರಜೆ ಸಿಕ್ಕೀತೇ ಎಂದು ಕೇಳಿದರು. ದಿನಗೂಲಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ, ಅಷ್ಟೇ.

ಅಕ್ಷರ ಅವರಿಗೆ ತಡವಾಗಿ ಬಂತು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಪೋಡಿನ ಕಟ್ಟೆಯ ಮೇಲೆ ಕಲಿತದ್ದು. ತಿಂಗಳ ಮಸ್ಟರ್ ರೋಲಿಗೆ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡತೊಡಗಿದರು. ಒಂದೊಂದು ಅಕ್ಷರವನ್ನೂ ಪೂರ್ತಿ ಬರೆದು, ಕೊಂಬು ಕೊಟ್ಟು, ಕೆಳಗೆ ಗೆರೆ ಎಳೆದು. ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರು. ಹೊರಗುತ್ತಿಗೆ ಬಂದ ಮೇಲೆ ಆ ಸಹಿಯೂ ಹೋಯಿತು. ಹಾಜರಿಗೆ ಮೊಬೈಲಿನಲ್ಲಿ ಮುಖದ ಫೋಟೊ ತೆಗೆಯಬೇಕು, ಅದು ನೆಟ್‌ವರ್ಕ್ ಇರುವ ಕಡೆಯೇ ಆಗಬೇಕು. ನಮ್ಮ ಕ್ಯಾಂಪಿನಲ್ಲಿ ನೆಟ್‌ವರ್ಕ್ ಇಲ್ಲ. ಇರುವ ಕಡೆಗೆ ಹೋಗಬೇಕೆಂದರೆ ಗುಡ್ಡ ಇಳಿದು ಚೆಕ್‌ಪೋಸ್ಟಿಗೆ ಬರಬೇಕು. ಹೀಗಾಗಿ ಏಜೆನ್ಸಿಯ ಮೇಲ್ವಿಚಾರಕ ವಾರಕ್ಕೊಮ್ಮೆ ಬಂದು ಒಟ್ಟಿಗೇ ಹಾಕಿಕೊಂಡು ಹೋಗುತ್ತಿದ್ದ. ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಬರೆದಿಡದ ವ್ಯವಸ್ಥೆ.

ತಾತ ತೀರಿಹೋದದ್ದು ಹುಲಿ ಗಣತಿಯ ವರ್ಷ. ಈ ಕೆಲಸ ಹೇಗೆ ನಡೆಯುತ್ತದೆಂದು ನಿಮಗೆ ತಿಳಿದೇ ಇದೆ, ಆದರೆ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಾಲ್ಕು ವರ್ಷಕ್ಕೊಮ್ಮೆ, ಪ್ರತಿ ಬೀಟಿನಲ್ಲೂ, ಮೊದಲು ದಿನಕ್ಕೆ 5 ಕಿ.ಮೀ. ನಡೆದು ಹುಲಿ ಚಿರತೆಗಳ ಹೆಜ್ಜೆ, ಮಲ, ಮರ ಕೆರೆದ ಗುರುತು ದಾಖಲಿಸಬೇಕು. ಆಮೇಲೆ 2 ಕಿ.ಮೀ. ಉದ್ದದ ನೇರ ಗೆರೆಯಲ್ಲಿ, ಬೆಳಕು ಹರಿಯುವಾಗ, ಮಾತಿಲ್ಲದೆ ನಡೆದು, ಕಣ್ಣಿಗೆ ಬಿದ್ದ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಬೇಕು. ಈ ಗೆರೆಯನ್ನು ಮೊದಲೇ ಕಡಿದು ಸವರಿ ಇಟ್ಟಿರುತ್ತಾರೆ. 2022ರ ಗಣತಿಯ ಲೆಕ್ಕ ಬಂದು ಕರ್ನಾಟಕದಲ್ಲಿ 563 ಹುಲಿ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಿದಾಗ ಕ್ಯಾಮೆರಾಗಳ ಬಗ್ಗೆ ಬರೆದವು. ಆ ಕ್ಯಾಮೆರಾವನ್ನು ಯಾವ ಮರಕ್ಕೆ ಕಟ್ಟಿದರೆ ಹುಲಿ ಸಿಗುತ್ತದೆ ಎಂದು ತೋರಿಸುವವರು ತಾತನಂಥವರು.

ಆ ದಿನ ತಾತನಿಗೆ ಪಾಳಿ ಇರಲಿಲ್ಲ. ಗೆರೆ ನಡೆಯಬೇಕಾಗಿದ್ದವರು ಇಬ್ಬರು ಹೊಸ ಗಾರ್ಡುಗಳು, ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ. ಜೊತೆಗೆ ಹೋಗಬೇಕಿದ್ದ ವಾಚರ್‌ಗೆ ಜ್ವರ. ಯಾರೂ ತಾತನನ್ನು ಕರೆಯಲಿಲ್ಲ. ಒಲೆಯಿಂದ ಬೂದಿ ಗೋರಿಕೊಂಡು ಚೀಲಕ್ಕೆ ತುಂಬಿ, ಟವೆಲ್ಲು ತಲೆಗೆ ಸುತ್ತಿಕೊಂಡು, ಹುಡುಗರ ಮುಂದೆ ನಡೆದರು. ನಾನು ಆ ಬೆಳಿಗ್ಗೆ ಇನ್ನೊಂದು ಬೀಟಿನಲ್ಲಿದ್ದೆ. ಮುಂದಿನದು ಆ ಇಬ್ಬರು ಹುಡುಗರು ನನಗೆ ಹೇಳಿದ್ದು, ಆಮೇಲೆ ವಿಚಾರಣೆಯಲ್ಲೂ ಹೇಳಿದ್ದು.

ಸಂಕ್ರಾಂತಿ ಕಳೆದ ಹೊಸತು, ಮಂಜು ಇನ್ನೂ ಎದ್ದಿರಲಿಲ್ಲ. ಎರಡೂ ಕಡೆ ಆಳೆತ್ತರ ಲಂಟಾನ, ನಡುವೆ ಒಬ್ಬರು ಹೋಗುವಷ್ಟೇ ಅಗಲದ ಗೆರೆ. ಗಾಳಿ ಅಲುಗಲಿಲ್ಲ, ಬೂದಿ ನೇರ ನೆಲಕ್ಕೆ ಬಿತ್ತು. ತಾತ ಹಿಂದಕ್ಕೆ ಅಂಗೈ ಚಾಚಿ ಹುಡುಗರನ್ನು ನಿಲ್ಲಿಸಿದರು. ಬಲಗಡೆಯ ಪೊದೆಯಿಂದ ಮರಿಯೊಂದು ಗೆರೆಗೆ ಬಂದು, ಇವರನ್ನು ನೋಡಿ, ಎಡಗಡೆಯ ಪೊದೆಗೆ ನುಗ್ಗಿತು. ತಾಯಿ ಇನ್ನೂ ಬಲಗಡೆಯಲ್ಲೇ ಇತ್ತು. ಹೊಗಬಾರದು ಎಂದು ಅವರು ನಮಗೆಲ್ಲ ಹೇಳಿಕೊಟ್ಟಿದ್ದ ಜಾಗದಲ್ಲಿ, ತಾವು ಹೊಗದೆಯೇ, ಮೂವರೂ ನಿಂತಿದ್ದರು. ತಾತ ತಲೆಯ ಟವೆಲ್ಲು ಬಿಚ್ಚಿ ಗೆರೆಯ ಮೇಲೆ ಎಸೆದು, ಸದ್ದೇ ಮಾಡಬಾರದ ಆ ಗೆರೆಯಲ್ಲಿ, ದೊಡ್ಡ ದನಿಯಲ್ಲಿ ಓಡಿ ಎಂದು ಕೂಗಿದರು. ಹುಡುಗರು ಓಡಿದರು. ಅವರು ಓಡಲಿಲ್ಲ. ಕೈತಟ್ಟುವ ಸದ್ದು ಕೇಳಿಸಿತು ಎಂದು ಒಬ್ಬ ಹೇಳುತ್ತಾನೆ, ಇನ್ನೊಬ್ಬನಿಗೆ ಏನೂ ಕೇಳಿಸಿಲ್ಲ. ಅಷ್ಟು ಕಿರಿದಾದ ಗೆರೆಯಲ್ಲಿ ಮೂವರು ಓಡಿದರೆ ಕೊನೆಯವನು ಸಿಗುತ್ತಾನೆ. ಕೊನೆಯವನು ಯಾರಾಗಬೇಕು ಎಂದು ಅವರು ಆಗಲೇ ತೀರ್ಮಾನಿಸಿದ್ದರು ಎಂದು ನಾನು ನಂಬಿದ್ದೇನೆ.

ಆನೆಯ ಮೇಲೆ ನನಗೆ ಸಿಟ್ಟಿಲ್ಲ. ಪೋಡಿನವರಿಗೂ ಇರಲಿಲ್ಲ. ಮರಿ ಕಾಯಲು ಬಂದದ್ದು ಅದು, ಅಷ್ಟೆ. ಸಿಟ್ಟು ಇರುವುದು ಆಮೇಲೆ ಬಂದ ಕಾಗದದ ಮೇಲೆ.

ಆ ಕಾಗದದ ಸಾರ ಇಷ್ಟು: ಸದರಿಯವರು ಆ ದಿನ ಕರ್ತವ್ಯಕ್ಕೆ ಗೈರುಹಾಜರಿದ್ದು ಸ್ವಇಚ್ಛೆಯಿಂದ ಅರಣ್ಯ ಪ್ರವೇಶ ಮಾಡಿರುವುದು ಕಂಡುಬಂದಿದೆ. ಮೇಲ್ವಿಚಾರಕ ಆ ವಾರ ಹಾಜರಿ ಹಾಕಲು ಬಂದಿರಲಿಲ್ಲ. ಸತ್ತ ಮೇಲೆ ಬಂದು ಸತ್ತವರ ಮುಖದ ಫೋಟೊ ತೆಗೆಯಲಾಗುವುದಿಲ್ಲವಲ್ಲ. ಹೀಗಾಗಿ, ಕಾಡಿನಲ್ಲಿ ಕಾಡುಪ್ರಾಣಿಗೆ ಸಿಕ್ಕ ಯಾವುದೇ ಸಾರ್ವಜನಿಕರಿಗೆ ಕೊಡುವ ಪರಿಹಾರ ಅವರ ಮನೆಗೆ ಬಂತು. ಕರ್ತವ್ಯದ ಮೇಲೆ ಮಡಿದವರಿಗೆ ಸಲ್ಲುವುದು ಯಾವುದೂ ಬರಲಿಲ್ಲ. ನಾನು ಫಾರೆಸ್ಟರ್ ಆಗಿ ಬರೆದ ವರದಿ, ಇಬ್ಬರು ಗಾರ್ಡುಗಳ ಹೇಳಿಕೆ, ವಾಕಿಟಾಕಿಯಲ್ಲಿ ಆ ಬೆಳಿಗ್ಗೆ ಕಂಟ್ರೋಲ್ ರೂಮಿಗೆ ಹೋದ ಮಾತು, ಎಲ್ಲವೂ ಕಡತದಲ್ಲಿವೆ. ಇವಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ. ಗಾರ್ಡಿನ ಮೊಬೈಲಿನಲ್ಲಿ ಗಸ್ತು ದಾಖಲಿಸುವ ಎಂ-ಸ್ಟ್ರೈಪ್ಸ್ ಆ್ಯಪ್ ಚಾಲೂ ಇತ್ತು. ಅದು ನಡೆದ ದಾರಿಯನ್ನು ಹೆಜ್ಜೆ ಹೆಜ್ಜೆಗೂ ಗುರುತಿಸಿಕೊಂಡಿದೆ, ಎಲ್ಲಿ ನಿಂತರು, ಎಲ್ಲಿಂದ ಹಿಂದಕ್ಕೆ ಓಡಿದರು ಎಂಬುದೂ ಅದರಲ್ಲಿದೆ. ಹುಲಿ ಲೆಕ್ಕಕ್ಕೆ ಆಗುವ ಸಾಕ್ಷಿ ಮನುಷ್ಯನ ಲೆಕ್ಕಕ್ಕೆ ಆಗಲಿಲ್ಲ. ಸ್ವಇಚ್ಛೆ ಎಂದರು. ಹೌದು ಸ್ವಾಮಿ, ಸ್ವಇಚ್ಛೆಯೇ. ಅಮೃತಾದೇವಿಗೆ ಯಾರು ಡ್ಯೂಟಿ ಹಾಕಿದ್ದರು?

ಇಲಾಖೆ ತನ್ನವರನ್ನು ಮರೆಯುತ್ತದೆ ಎಂಬ ದೂರು ನನ್ನದಲ್ಲ. 1991ರ ನವೆಂಬರಿನಲ್ಲಿ ಕಾಡುಗಳ್ಳ ವೀರಪ್ಪನ್ ಕೈಗೆ ಸಿಕ್ಕಿ ಮಡಿದ ಪಿ. ಶ್ರೀನಿವಾಸ್ ಅವರನ್ನು ಗೋಪಿನಾಥಂ ಸುತ್ತಿನ ಜನ ಇವತ್ತಿಗೂ ದೇವರ ಸಾಲಿನಲ್ಲಿಟ್ಟಿದ್ದಾರೆ. ಶರಣಾಗುತ್ತೇನೆಂಬ ಮಾತು ನಂಬಿ ಆಯುಧವಿಲ್ಲದೆ ಹೋದ ಆ ಅಧಿಕಾರಿಗೆ ಸರ್ಕಾರ ಕೀರ್ತಿಚಕ್ರ ಕೊಟ್ಟಿತು. 2018ರ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂದನ್ ಅವರು ಬೆಂಕಿ ಬಿದ್ದ ಜಾಗ ನೋಡಲು ನಡೆದು ಹೋಗಿ ಆನೆಗೆ ಬಲಿಯಾದಾಗ ರಾಜ್ಯವೇ ಮರುಗಿತು. ಜೀಪಿನಿಂದ ಇಳಿದು ನಡೆಯುವ ಅಧಿಕಾರಿಗಳು ಕಡಿಮೆ, ಅದಕ್ಕೇ ಅವರ ನೆನಪು ನಮ್ಮಂಥವರಿಗೆ ಹೆಚ್ಚು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ ಗಾಯಗೊಂಡ ಭೀಮ ಎಂಬ ಸಲಗಕ್ಕೆ ಚಿಕಿತ್ಸೆಗಾಗಿ ಅರಿವಳಿಕೆ ಹೊಡೆಯಲು ಹೋಗಿ ಆನೆ ವೆಂಕಟೇಶ್ ತೀರಿಕೊಂಡರು. ಆನೆಯ ಹೆಸರನ್ನೇ ಮುಂದಿಟ್ಟು ಜನ ಕರೆಯುತ್ತಿದ್ದ ಅಂಥ ಪರಿಣತ ಅವರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ, ಎಂಟು ಸಲ ಅಂಬಾರಿ ಹೊತ್ತಿದ್ದ ದಸರಾ ಆನೆ ಅರ್ಜುನ ಕಾಡಾನೆಯೊಡನೆ ಕಾದಾಡಿ ಸತ್ತ. ಅವನಿಗೆ ಸ್ಮಾರಕ ಬೇಕೆಂದು ಜನ ಬೀದಿಗಿಳಿದರು. ಸರ್ಕಾರ ಒಪ್ಪಿತು. ನಾನೂ ಅತ್ತಿದ್ದೇನೆ, ಆ ಆನೆ ಅದಕ್ಕೆ ತಕ್ಕದ್ದೇ. 750 ಕಿಲೋ ತೂಕದ ಅಂಬಾರಿಯನ್ನು ಬೆನ್ನ ಮೇಲೆ ಹೊತ್ತದ್ದು ಊರೆಲ್ಲ ಕಂಡಿತ್ತು. ಕ್ಯಾಂಪಿನ ಮುದುಕ ಹೊತ್ತದ್ದನ್ನು ನೋಡಿದವರು ಕಾಡಿನಲ್ಲಿ ನಾವು ನಾಲ್ಕಾರು ಜನ ಮಾತ್ರ.

ಹಾಗಾಗಿ ಕೇಳಬೇಕಾದ್ದು ನಾವೇ.

ನಮ್ಮ ವಿಭಾಗದ ಹುತಾತ್ಮರ ಕಲ್ಲಿನಲ್ಲಿ ಅವರ ಹೆಸರು ಕೆತ್ತಿಸಿ. ಇದಕ್ಕೆ ಕಡತ ಮತ್ತೆ ತೆರೆಯಬೇಕು, ಗೈರುಹಾಜರಿ ಎಂಬ ಷರಾ ಹೊಡೆದುಹಾಕಬೇಕು. ಅದು ನಿಮ್ಮ ಒಂದು ಟಿಪ್ಪಣಿಯಿಂದ ಆಗುವ ಕೆಲಸ. ಜೊತೆಗೆ ಒಂದು ಸಾಮಾನ್ಯ ಆದೇಶವನ್ನೂ ಹೊರಡಿಸಿ. ನೆಟ್‌ವರ್ಕ್ ಇಲ್ಲದ ಶಿಬಿರಗಳಲ್ಲಿ ಫೋಟೊ ಹಾಜರಿಯೊಂದೇ ಕರ್ತವ್ಯದ ಪುರಾವೆಯಾಗಬಾರದು. ತಂಡದವರ ಹೇಳಿಕೆ, ವೈರ್‌ಲೆಸ್ ದಾಖಲೆ, ಗಸ್ತಿನ ಆ್ಯಪ್ ತೋರಿಸುವ ದಾರಿ, ಇವುಗಳಲ್ಲಿ ಒಂದು ಇದ್ದರೂ ಸಾಕು ಎಂದಾಗಬೇಕು. ಇವತ್ತು ರಾತ್ರಿಯೂ ನೆಟ್‌ವರ್ಕ್ ಇಲ್ಲದ ಎಷ್ಟೋ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಹೊರಗುತ್ತಿಗೆಯವರು ಮಲಗಿದ್ದಾರೆ. ನಾಳೆ ಬೆಳಿಗ್ಗೆ ಅವರೆಲ್ಲ ನಿಮ್ಮ ಲೆಕ್ಕದಲ್ಲಿ ಗೈರು.

ಇನ್ನೊಂದು ಕೋರಿಕೆ ಇದೆ, ಹಣಕಾಸು ಇಲಾಖೆ ತಕರಾರು ತೆಗೆಯಬಹುದಾದದ್ದು. ಪ್ರತಿ ವಲಯದಲ್ಲೂ ತಾತನಂಥವರು ಇನ್ನೂ ಒಬ್ಬಿಬ್ಬರಾದರೂ ಉಳಿದಿದ್ದಾರೆ. ಸೋಲಿಗರು, ಜೇನುಕುರುಬರು, ಹತ್ತಿರದ ಹಳ್ಳಿಗಳ ಹಿರಿಯ ವಾಚರುಗಳು. ಕಲಿಸುವುದು ಅವರು, ಕಲಿತವರು ಬಡ್ತಿ ಪಡೆದು ವರ್ಗವಾಗಿ ಹೋಗುತ್ತಾರೆ, ಕಲಿಸಿದವರು ದಿನದ ಕೂಲಿಯಲ್ಲೇ ಇರುತ್ತಾರೆ. ಅವರ ಕೆಲಸಕ್ಕೆ ಒಂದು ಹುದ್ದೆಯ ಹೆಸರು ಕೊಡಿ. ತರಬೇತುದಾರ ಎನ್ನಿ, ಬೇರೇನಾದರೂ ಎನ್ನಿ. ಗೌರವಧನ ಕೊಡಿ, ವಿಮೆ ಮಾಡಿಸಿ. ಗುಂಗರಗಟ್ಟಿಯಿಂದ ಹೊರಬಿದ್ದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರೇ ಬೀಟಿಗೆ ಕಳಿಸುವ ಮುಂಚೆ ಒಂದು ಬೇಸಗೆ ಒಂದು ಮಳೆಗಾಲ ಇವರ ಹಿಂದೆ ನಡೆಯಲು ಬಿಡಿ. ವೈಜ್ಞಾನಿಕ ತರಬೇತಿ ಬೇಡ ಎಂದು ನಾನು ಹೇಳುತ್ತಿಲ್ಲ, ಎರಡೂ ಬೇಕು. ತರಗು ಬೆಂಕಿಯ ವಿಷಯದಲ್ಲಿ ನನ್ನ ಮನಸ್ಸು ಈಗಲೂ ಎರಡಾಗಿದೆ. ಇವತ್ತಿನ ಲಂಟಾನದ ರಾಶಿಗೆ ಕಿಡಿ ತಾಗಿಸಲು ನನಗೆ ಧೈರ್ಯ ಸಾಲದು. ಆದರೆ ಮೊದಲು ಲಂಟಾನ ಕಿತ್ತು, ಸಣ್ಣದೊಂದು ತಾಕಿನಲ್ಲಿ, ಸಂಶೋಧಕರನ್ನೂ ಪೋಡಿನ ಯಜಮಾನರನ್ನೂ ಜೊತೆಗಿಟ್ಟುಕೊಂಡು ಪರೀಕ್ಷಿಸಿ ನೋಡಲು ಅಡ್ಡಿಯೇನು? ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದಿಂದ ಕುರ್ಚಿ ಮೇಜು ಮಾಡಿ ಮಾರುತ್ತಾರೆ, ಕೊಂಡುಕೊಳ್ಳುವವರೂ ಇದ್ದಾರೆ. ಕಿತ್ತದ್ದು ದಂಡವಾಗುವುದಿಲ್ಲ. ಕಡೇ ಪಕ್ಷ ಗಣತಿಯ ಗೆರೆಗಳನ್ನಾದರೂ ಎರಡೂ ಮಗ್ಗುಲಲ್ಲಿ ಇನ್ನಷ್ಟು ಅಗಲ ಸವರಲು ಅನುದಾನ ಕೊಡಿ. ಅಂದು ಪೊದೆ ನಾಲ್ಕು ಮಾರು ಹಿಂದಿದ್ದರೆ ತಾಯಿ ಆನೆ ಕಣ್ಣಿಗೆ ಬೀಳುತ್ತಿತ್ತು.

ತಾತ ಉಳಿಸಿದ ಹುಡುಗರಲ್ಲಿ ಒಬ್ಬ ಕೆಲಸ ಬಿಟ್ಟು ಊರಿಗೆ ಹೋದ. ಇನ್ನೊಬ್ಬ ಅಲ್ಲೇ ಇದ್ದಾನೆ, ಬೂದಿ ಚೀಲ ಕಟ್ಟಿಕೊಂಡು ಗಸ್ತು ತಿರುಗುತ್ತಾನೆ, ಹೊಸಬರಿಗೆ ಹೇಳಿಕೊಡುತ್ತಾನೆ. ವಿಚಾರಣೆಯಲ್ಲಿ ಅವನು ಕೊಟ್ಟ ಹೇಳಿಕೆಗೆ ಇವತ್ತಿಗೂ ಬದ್ಧನಾಗಿದ್ದಾನೆ, ಕರೆದರೆ ಬಂದು ಮತ್ತೆ ಹೇಳುತ್ತೇನೆ ಎಂದಿದ್ದಾನೆ. ಅವನನ್ನು ಇದಕ್ಕಾಗಿ ದೂರದ ವಲಯಕ್ಕೆ ಎತ್ತಿಹಾಕದಂತೆ ನೋಡಿಕೊಳ್ಳಬೇಕಾದವರು ತಾವು.

ಕಡತದ ಸಂಖ್ಯೆ, ಅವರ ಪೂರ್ತಿ ಹೆಸರು, ಮನೆಯವರ ವಿಳಾಸವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಅದರೊಂದಿಗೆ ಹಳೆಯ ಮಸ್ಟರ್ ರೋಲಿನ ಒಂದು ಪುಟದ ನಕಲನ್ನೂ ಇಟ್ಟಿದ್ದೇನೆ. ಅದಕ್ಕೆ ಕಾರಣವಿದೆ. ಆಧಾರ್ ಕಾರ್ಡಿನಲ್ಲಿ ಅವರ ಹೆಸರು ಒಂದು ರೀತಿ ತಪ್ಪಾಗಿದೆ, ಏಜೆನ್ಸಿಯ ಪಟ್ಟಿಯಲ್ಲಿ ಇನ್ನೊಂದು ರೀತಿ. ಕಲ್ಲು ಕೆತ್ತುವವರಿಗೆ ಅವೆರಡನ್ನೂ ಕೊಡಬೇಡಿ. ಮಸ್ಟರ್ ರೋಲಿನಲ್ಲಿ ಅವರೇ ಬರೆದದ್ದು ಸರಿಯಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪ ವಲಯ ಅರಣ್ಯಾಧಿಕಾರಿ